ಮಷೀನು ಸತ್ತಿಲ್ರೀ, ಗಂಟಲು ಕಟ್ಟೇದ

ಇಲ್ಲೆ ಅಮೆರಿಕಾದಾಗ ಬ್ಯಾಸಗಿ ಬಂತಂದ್ರ ಸಾಕು, ಮನಿ ಮುಂದ ಕಸದ ಡಬ್ಬಿ ಬಾಜೂಕ ಹುಲ್ಲು ಕತ್ತರಸೋ ಮಷೀನು ಅನಾಥ ಕೂತಿರ್ತಾವ. 'ಸ್ಟಾರ್ಟ್ ಆಗವಲ್ದು, ಹೊಸಾದು ತಗೊಂಡ್ರಾತು' ಅಂತಾರ ನಮ್ಮವ್ರೂ. ಅಲ್ರೀ ಅಕ್ಕಾರ, ಫಾಲ್ ಬಿಚ್ಚೇದ ಅಂತ ಸೀರಿ ಬೀದಿಗೆ ಚೆಲ್ಲತೀರೇನು?

ಬಹಳ ಸಲ ರೋಗ ಒಂದ. ಹೋದ ವರ್ಷದ ಪೆಟ್ರೋಲು ಹಂಗ ಉಳದು, ಕಾರ್ಬ್ಯುರೇಟರಿನ ಸಣ್ಣ ತೂತಿನ್ಯಾಗ ಅಂಟಾಗಿ ಕೂತಿರ್ತದ. ಸೀಮಿಎಣ್ಣಿ ಸ್ಟೋವು ಕಟ್ಟಿದ್ರ ಪಿನ್ನು ಹಾಕಿ ಬಿಡಿಸಿದ ಕೈ ನಮ್ಮವು. ಇದೇನು ಹೊಸಾ ವಿದ್ಯಾ?

ನಾ ಎತ್ಕೊಂಡು ಬಂದದ್ದಕ್ಕ ಮೊದಲ ಸ್ಪಾರ್ಕ್ ಪ್ಲಗ್ಗಿನ ವಾಯರ್ ಕಿತ್ತಿಟ್ಟೆ. ಇದನ್ನ ಮರೀಬ್ಯಾಡ್ರಿ, ಬ್ಲೇಡು ತಿರುಗಿದ್ರ ಬೆರಳು ಹೋಗ್ತಾವ. ಹಳೇ ಪೆಟ್ರೋಲು ಡಬ್ಬಿಗೆ ತಗದು (ಗಟಾರಕ್ಕ ಸುರೀಬಾರ್ದು), ಕಾರ್ಬ್ಯುರೇಟರ್ ತೊಳದು, ಪ್ಲಗ್ಗು, ಏರ್ ಫಿಲ್ಟರ್ ಹೊಸಾವು ಹಾಕಿ, ಎಂಜಿನ್ ಆಯಿಲ್ ಬದಲಿಸಿ, ಬ್ಲೇಡಿಗೆ ಅರ ಹಾಕಿ ಮಸದೆ. ಮೂರನೇ ಸಲ ಹಗ್ಗ ಎಳದ್ರೊಳಗ ಗುರ್ ಅಂತು.

'ಇದು ಗಂಡಸರ ಕೆಲಸವಾ' ಅಂದ್ರು ಬಾಜೂಮನಿ ಕಾಕು. ಮಿಕ್ಸರ್ ಜಾರಿನ ವಾಷರ್, ಕುಕ್ಕರಿನ ಸೀಟಿ, ಹೊಲಿಗಿ ಮಷೀನಿನ ಬೆಲ್ಟು ಇಷ್ಟು ದಿನಾ ಯಾರು ನೋಡಿದ್ರು ಕಾಕು?

ಕೆಳಗ ಕೆರದು ಸ್ವಚ್ಛ ಮಾಡೋಮುಂದ ಏರ್ ಫಿಲ್ಟರ್ ಮ್ಯಾಲ ಇರೋಹಂಗ ವಾಲಿಸ್ರಿ, ಇಲ್ಲಂದ್ರ ಎಣ್ಣಿ ಅದರೊಳಗ ಇಳೀತದ. ಥಂಡಿಗಾಲಕ್ಕ ಎತ್ತಿಡೋಮುಂದ ಪೆಟ್ರೋಲು ತಗದು, ಉಳದದ್ದು ತೀರೋತನಕ ಹೊರಗ ಓಡಸ್ರಿ. ಎಂಜಿನ್ನ ಒಡದಿದ್ರ ಬಿಡ್ರಿ, ನಾ ಜಗಳಾಡಂಗಿಲ್ಲ. ಪ್ಲಗ್ಗು ಸುದ್ದಾ ಬಿಚ್ಚಿ ನೋಡಲಾರದ ಬೀದಿಗೆ ಇಡೋರು ಮಾತ್ರ ಮೊದಲ ನನಗ ಫೋನ್ ಹಚ್ರಿ.