ನಂಬರ್ ಇಲ್ಲದ ಕವರ್ ಕಳೆದರೆ ನಷ್ಟ ಯಾರದು?

"ಸಾರ್, ದುಡ್ಡು ಹಾಕಿ ಹದಿನೈದು ದಿನ ಆಯ್ತು, ಬೀಜ ಇನ್ನೂ ಬಂದಿಲ್ಲ." ವಾಟ್ಸಾಪ್‌ನಲ್ಲಿ ನಾಟಿ ಬೀಜ, ಅರಿಶಿನ ಪುಡಿ, ಕಾಳುಮೆಣಸು ಮಾರುವ ನಮ್ಮಂಥವರಿಗೆ ಈ ಮೆಸೇಜ್ ಹೊಸದೇನಲ್ಲ. ಸ್ಟಾಂಪ್ ಹಚ್ಚಿ ಸಾದಾ ಅಂಚೆಗೆ ಹಾಕಿದ ಕವರ್ ಅದು. ಟ್ರ್ಯಾಕಿಂಗ್ ನಂಬರ್ ಇಲ್ಲ. ತಲುಪಿದೆ ಅಂತ ನಾವು ತೋರಿಸೋಕಾಗಲ್ಲ, ತಲುಪಿಲ್ಲ ಅಂತ ಅವರೂ ತೋರಿಸೋಕಾಗಲ್ಲ.

ಆಗ ನಮ್ಮಲ್ಲಿ ಅನೇಕರು ಕೊಡುವ ಉತ್ತರ, "ನಾನು ಪೋಸ್ಟ್ ಮಾಡಿದ್ದೀನಿ, ಮುಂದಿನದು ಅಂಚೆಯವರನ್ನ ಕೇಳಿ." ಈ ಉತ್ತರ ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ನಂಬರ್ ಇಲ್ಲದೆ ಕಳಿಸಿದ್ದು ಕಳೆದರೆ ನಷ್ಟ ಮಾರಿದವನದೇ.

ಕಾನೂನನ್ನೂ ಸ್ವಲ್ಪ ನೋಡಿ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಂ ಪ್ರಕಾರ, ಸರಕನ್ನು ಸಾಗಿಸುವವರ ಕೈಗೆ ಕೊಟ್ಟರೆ ಮೇಲ್ನೋಟಕ್ಕೆ ಗಿರಾಕಿಗೇ ಕೊಟ್ಟಂತೆ. ಇಷ್ಟು ಓದಿ ಖುಷಿಪಡಬೇಡಿ. ಅದೇ ಕಲಂ ಮುಂದೆ ಹೇಳುತ್ತೆ: ಸರಕಿಗೆ ತಕ್ಕ ಸಾಗಾಟದ ವ್ಯವಸ್ಥೆ ಮಾಡದೆ ಅದು ದಾರಿಯಲ್ಲಿ ಕಳೆದುಹೋದರೆ, "ನನಗೆ ಮುಟ್ಟಿಲ್ಲ" ಅನ್ನೋ ಹಕ್ಕು ಗಿರಾಕಿಗಿದೆ. ಬೇಸರವಾದ ಗಿರಾಕಿ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಡಲೂಬಹುದು.

ಕಾನೂನು ಬಿಡಿ, ಲೆಕ್ಕ ಹಾಕೋಣ. 80 ರೂಪಾಯಿಯ 100 ಪ್ಯಾಕೆಟ್ ಕಳಿಸ್ತೀರಿ ಅಂದುಕೊಳ್ಳಿ. ಟ್ರ್ಯಾಕಿಂಗ್ ಇರುವ ಅಂಚೆಗೆ ಒಂದಕ್ಕೆ 40 ರೂಪಾಯಿ ಜಾಸ್ತಿ ಬಿದ್ದರೆ 4,000 ರೂಪಾಯಿ ಹೆಚ್ಚುವರಿ ಖರ್ಚು. ಸಾದಾ ಅಂಚೆಯಲ್ಲಿ 5 ಕಳೆದು, ಬೀಜ, ಕವರ್, ಸ್ಟಾಂಪ್ ಸೇರಿ ತಲಾ 60 ರೂಪಾಯಿಯಲ್ಲಿ ಮತ್ತೆ ಕಳಿಸಿದರೆ 300 ರೂಪಾಯಿ. ಹಾಗಾಗಿ ಚಿಕ್ಕ ಪ್ಯಾಕೆಟ್‌ಗೆ ಸಾದಾ ಅಂಚೆ ಜಾಣತನವೇ. ಆದರೆ ಆ 300 ರೂಪಾಯಿ ನಮ್ಮ ಖರ್ಚು, ಬೆಲೆ ಕಟ್ಟುವಾಗಲೇ ಸೇರಿಸಿಕೊಳ್ಳಬೇಕು. ಉಳಿತಾಯ ನನಗೆ, ನಷ್ಟ ಗಿರಾಕಿಗೆ ಅಂದರೆ ಅದು ವ್ಯಾಪಾರ ಅಲ್ಲ.

"ಸುಳ್ಳು ಹೇಳುವವರೂ ಇರ್ತಾರಲ್ಲ?" ಇರ್ತಾರೆ. ಹಾಗಂತ ಕೇಳಿದವರನ್ನೆಲ್ಲ ಕಳ್ಳರ ಥರ ನೋಡೋಕಾಗಲ್ಲ. ಹೆಸರು, ಫೋನ್, ಪಿನ್ ಕೋಡ್, ಕಳಿಸಿದ ತಾರೀಖು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ನಂಬರ್‌ನಿಂದ ಎರಡನೇ ಸಲ "ಬಂದಿಲ್ಲ" ಅಂತ ಬಂದರೆ, ಮುಂದೆ ಅವರಿಗೆ ಸ್ಪೀಡ್ ಪೋಸ್ಟ್ ಮಾತ್ರ, ಖರ್ಚು ಅವರದೇ. ಜಗಳ ಬೇಡ. ಒಂದೇ ಪಿನ್ ಕೋಡ್‌ನಲ್ಲಿ ಬೇರೆ ಬೇರೆಯವರದು ಕಳೆದರೆ ತೊಂದರೆ ದಾರಿಯಲ್ಲಿದೆ ಅಂತ ಅರ್ಥ. ಪುಸ್ತಕ ಇದ್ದರೆ ಮಾತ್ರ ಇದು ಗೊತ್ತಾಗೋದು.

ನಾನು ಪಾಲಿಸುವ ಕ್ರಮ ಹೀಗಿದೆ:

1. ದುಡ್ಡು ಪಡೆಯುವ ಮೊದಲೇ ಕೇಳ್ತೀನಿ: "ಸಾದಾ ಅಂಚೆ ಸಾಕಾ, ಸ್ಪೀಡ್ ಪೋಸ್ಟ್ ಬೇಕಾ?" ಉತ್ತರ ಚಾಟ್‌ನಲ್ಲೇ ಇರಬೇಕು.
2. 300 ರೂಪಾಯಿ ದಾಟಿದರೆ ಸ್ಪೀಡ್ ಪೋಸ್ಟ್ ಕಡ್ಡಾಯ. "ರಿಜಿಸ್ಟರ್ ಮಾಡಿ" ಅಂತ ಈಗಲೂ ಕೇಳ್ತಾರೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೇ ಸೇರಿದೆ. ರಸೀದಿಯ 13 ಅಕ್ಷರ-ಅಂಕಿಗಳ ನಂಬರನ್ನು ಫೋಟೋ ತೆಗೆದು ಅವತ್ತೇ ಕಳಿಸಿ.
3. ವಿಳಾಸ ಬರೆದ ಕವರ್‌ನ ಫೋಟೋ ಕಳಿಸಿ, "ಸರಿಯಿದೆಯಾ ನೋಡಿ" ಅನ್ನಿ. ಹಳ್ಳಿ ವಿಳಾಸವಾದರೆ ತಂದೆಯ ಹೆಸರು ಅಥವಾ ಮನೆ ಹೆಸರು, ಫೋನ್ ನಂಬರ್ ಬೇಕೇ ಬೇಕು.
4. ದೂರು ಬಂದ ದಿನವೇ ಉತ್ತರ ಕೊಡಿ. ಊರಿನ ಅಂಚೆ ಕಚೇರಿಯಲ್ಲಿ ಒಮ್ಮೆ ವಿಚಾರಿಸೋಕೆ ಹೇಳಿ. ರಾಜ್ಯದೊಳಗೆ 10 ದಿನ, ಹೊರಗೆ 15 ದಿನ ಆದರೂ ಬರದಿದ್ದರೆ ಮತ್ತೆ ಕಳಿಸಿ ಅಥವಾ ದುಡ್ಡು ವಾಪಸ್ ಹಾಕಿ. ಯಾವುದು ಬೇಕು ಅಂತ ಅವರೇ ಹೇಳಲಿ.

ಕೊನೆಯ ಮಾತು ಬೀಜದ ವಿಷಯದಲ್ಲಿ ಇನ್ನೂ ಮುಖ್ಯ. ಮುಂಗಾರಿಗೆ ಹಾಕಬೇಕಾದ ಅವರೆ ಬೀಜ ಹದ ತಪ್ಪಿದ ಮೇಲೆ ತಲುಪಿದರೆ ಏನು ಪ್ರಯೋಜನ? ಗಿರಾಕಿ ಕಳೆದುಕೊಳ್ಳೋದು 80 ರೂಪಾಯಿ ಅಲ್ಲ, ಒಂದು ಹಂಗಾಮು. ಬಿತ್ತನೆ ಹತ್ತಿರವಿದ್ದರೆ 15 ದಿನ ಕಾಯಿಸದೆ ಎರಡನೇ ಪ್ಯಾಕೆಟನ್ನು ಸ್ಪೀಡ್ ಪೋಸ್ಟ್‌ನಲ್ಲೇ ಹಾಕಿ. ಮೊದಲಿನದೂ ಆಮೇಲೆ ತಲುಪಿದರೆ ಪಕ್ಕದ ಮನೆಯವರಿಗೆ ಕೊಡೋಕೆ ಹೇಳಿ. ಅಲ್ಲೊಬ್ಬ ಹೊಸ ಗಿರಾಕಿ ಹುಟ್ಟಬಹುದು.

ದಲ್ಲಾಳಿ ಬೇಡ, ನೇರ ಮಾರ್ತೀವಿ ಅಂತ ಹೊರಟವರು ನಾವು. ಮಂಡಿಯಲ್ಲಿ ಗಿರಾಕಿ ಮಾಲು ಮುಟ್ಟಿ ನೋಡಿ ದುಡ್ಡು ಕೊಡ್ತಾನೆ. ಇಲ್ಲಿ ನಮ್ಮ ಮುಖವನ್ನೂ ನೋಡದೆ ಮೊದಲೇ ದುಡ್ಡು ಹಾಕ್ತಾನೆ. ಅಷ್ಟು ನಂಬಿದವನಿಗೆ ಒಂದು ಪ್ಯಾಕೆಟ್ ಮತ್ತೆ ಕಳಿಸೋದು ಉಪಕಾರ ಅಲ್ಲ, ನಮ್ಮ ಬಾಕಿ.