ಟೆಲಿಫೋನಿನ ಮೋಸವೂ ಬ್ಯಾಂಕಿನ ಹೊಣೆಯೂ

ಕೇಂದ್ರ ಸರಕಾರವು 2025ರ ಜುಲೈ ತಿಂಗಳಲ್ಲಿ ಲೋಕಸಭೆಯ ಮುಂದಿಟ್ಟ ಲೆಕ್ಕದಂತೆ, 2024ರ ಒಂದೇ ವರ್ಷದಲ್ಲಿ ಈ ದೇಶದ ಜನರಿಂದ ಸೈಬರ್ ವಂಚಕರ ಪಾಲಾದ ಹಣ 22,845 ಕೋಟಿ ರೂಪಾಯಿ. ಅದರ ಹಿಂದಿನ ವರ್ಷದಲ್ಲಿ ಈ ಮೊತ್ತವು 7,465 ಕೋಟಿ ಇದ್ದಿತು. ಒಂದೇ ವರ್ಷದಲ್ಲಿ ಮೂರು ಪಟ್ಟು ಬೆಳೆದ ಇನ್ನೊಂದು ವ್ಯಾಪಾರವನ್ನು ಮುಂಬಯಿಯ ಯಾವ ಪೇಟೆಯಲ್ಲಿ ಹುಡುಕಿದರೂ ದೊರೆಯಲಾರದು. ಈ ಕೋಟಿಗಳ ಸಾಲಿನಲ್ಲಿ ಅಂಧೇರಿಯ ಕ್ಲೀನರನ ಎಂಟು ಸಾವಿರವೂ ಫೋರ್ಟಿನ ಗುಮಾಸ್ತನ ಮಗಳ ಮದುವೆಯ ಹಣವೂ ಸೇರಿರುತ್ತವೆ ಎಂಬುದೇ ನಮ್ಮ ಇಂದಿನ ಚಿಂತೆಗೆ ಕಾರಣ.

ನಮ್ಮವರು ಬ್ಯಾಂಕನ್ನು ನಂಬಿದ ಬಗೆಗೆ ಒಂದು ಚರಿತ್ರೆಯಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸುವ ಬಡವನ ಮನೆಬಾಗಿಲಿಗೆ ಬ್ಯಾಂಕಿನವನೇ ನಡೆದು ಬರುತ್ತಿದ್ದನು. ಅವನನ್ನು ಊರೇ ಬಲ್ಲದು. ಅವನ ತಂದೆಯ ಹೆಸರನ್ನೂ ಬಲ್ಲದು. ಬ್ಯಾಂಕೆಂದರೆ ಕಟ್ಟಡವಲ್ಲ, ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುವ ಮನುಷ್ಯ ಎಂಬ ಭಾವನೆಯು ಕರಾವಳಿಯ ಮನೆಗಳಲ್ಲಿ ಬೇರೂರಿದ್ದು ಹೀಗೆ. ಇಂದು ಟೆಲಿಫೋನಿನಲ್ಲಿ ಒಬ್ಬನು ಹೆಸರು ಹಿಡಿದು ಕರೆದು, ಖಾತೆಯ ಕೊನೆಯ ನಾಲ್ಕು ಅಂಕೆಗಳನ್ನು ಒಪ್ಪಿಸಿ, "ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ" ಎಂದೊಡನೆ ನಮ್ಮ ಹಿರಿಯರು ಕುಳಿತಲ್ಲಿಂದ ಏಳುವುದು ಆ ಹಳೆಯ ಅಭ್ಯಾಸದಿಂದಲೇ. ಇದನ್ನು ಮೂರ್ಖತನವೆಂದು ನಗುವವರೊಡನೆ ನಾವು ಸೇರಲಾರೆವು.

ಇದಕ್ಕೆ ಸೇರಿದಂತೆ ಬ್ಯಾಂಕುಗಳ ಹೆಸರುಗಳೇ ಬದಲಾದವು. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಮುಂದಿನ ವರ್ಷದ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಪಾಸ್‌ಬುಕ್ಕು ಹೊಸದು, ಚೆಕ್ಕು ಹೊಸದು, ಶಾಖೆಯ ಸಂಕೇತವೂ ಹೊಸದು. ಇಂಥ ವೇಳೆಯಲ್ಲಿ "ನಿಮ್ಮ ಕೆವೈಸಿ ಬಾಕಿಯಿದೆ, ಇಂದು ಸಂಜೆಯೊಳಗೆ ಖಾತೆ ಬಂದಾಗುತ್ತದೆ" ಎಂಬ ಸುಳ್ಳಿಗೆ ನಿಜದ ಬಣ್ಣ ತಾನಾಗಿಯೇ ಬರುತ್ತದೆ. ಆ ಮೇಲೆ ಒಂದು ಕೊಂಡಿ ಬರುತ್ತದೆ, ಅಥವಾ ವಾಟ್ಸಾಪಿನಲ್ಲಿ ಒಂದು ಆ್ಯಪ್ ಬರುತ್ತದೆ. ಅದನ್ನು ಒತ್ತಿ ಸ್ಥಾಪಿಸಿದವನ ಫೋನಿಗೆ ಬರುವ ಓಟಿಪಿಯು ವಂಚಕನಿಗೂ ಕಾಣಿಸುತ್ತದೆ. ಬಾಯಿಬಿಟ್ಟು ಹೇಳಬೇಕೆಂದೇ ಇಲ್ಲ. ರಿಸರ್ವ್ ಬ್ಯಾಂಕು ಇದಕ್ಕೆ ಎರಡು ಗುರುತುಗಳನ್ನು ನೇಮಿಸಿದೆ: ಬ್ಯಾಂಕುಗಳ ಅಂತರ್ಜಾಲ ವಿಳಾಸವು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯತಕ್ಕದ್ದು, ಅದಕ್ಕೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು, ಗ್ರಾಹಕರಿಗೆ ಮಾಡುವ ಸೇವೆಯ ಕರೆಗಳು 1600ರಿಂದ ಆರಂಭವಾಗುವ ಸಂಖ್ಯೆಗಳಿಂದ ಬರತಕ್ಕದ್ದು. ಹತ್ತಂಕೆಯ ಸಾಧಾರಣ ಮೊಬೈಲಿನಿಂದ ಬಂದ 'ಬ್ಯಾಂಕಿನವ'ನನ್ನು ಆ ಕ್ಷಣವೇ ಬಿಟ್ಟುಬಿಡಬಹುದು.

ನಮ್ಮ ಕಸುಬಿಗೇ ಹೊಂದಿಸಿ ಹೊಲಿದ ಮೋಸವೊಂದಿದೆ. ಹೊಟೇಲಿಗೆ ಫೋನು ಬರುತ್ತದೆ. ತಾನು ಸೈನ್ಯದ ಅಧಿಕಾರಿ, ಜವಾನರಿಗಾಗಿ ಐವತ್ತು ಥಾಲಿ ಬೇಕು, ಹಣ ಮುಂಗಡವಾಗಿಯೇ ಕೊಡುತ್ತೇನೆ ಎನ್ನುತ್ತಾನೆ. ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸುತ್ತಾನೆ. ಭಟ್ಟರು ಅಕ್ಕಿ ಹಾಕಿಯಾದ ಮೇಲೆ, "ನಮ್ಮ ಲೆಕ್ಕಪತ್ರದ ಕ್ರಮವೇ ಬೇರೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ನಿಮ್ಮಲ್ಲಿಗೆ ಬರುತ್ತದೆ" ಎನ್ನುತ್ತಾನೆ. ಗಲ್ಲಾದ ಮೇಲೆ ಕುಳಿತವನಿಗೆ ಒಂದೆಡೆ ಗಿರಾಕಿಗಳ ಗದ್ದಲ, ಇನ್ನೊಂದೆಡೆ ಪಾರ್ಸೆಲ್ಲಿನ ಅವಸರ. ಪಿನ್ ಒತ್ತುತ್ತಾನೆ, ಹಣ ಹೋಗುತ್ತದೆ. ಆ ಪೀಠದಲ್ಲಿ ಹಲವು ವರ್ಷ ಕುಳಿತ ನಮಗೆ, ಮಧ್ಯಾಹ್ನದ ಹನ್ನೆರಡೂವರೆಗೆ ಮನುಷ್ಯನ ತಲೆ ಎಷ್ಟು ಓಡುತ್ತದೆ ಎಂಬುದು ತಿಳಿಯದ್ದೇನಲ್ಲ. ಹಣ ಸ್ವೀಕರಿಸಲು ಪಿನ್ ಎಂದೆಂದಿಗೂ ಬೇಕಾಗಿಲ್ಲ. ಪಿನ್ ಎಂಬುದು ಹಣ ಕೊಡುವವನ ಸಹಿ. ಇಷ್ಟನ್ನು ಸಪ್ಲಾಯರನಿಂದ ಮ್ಯಾನೇಜರನವರೆಗೆ ಎಲ್ಲರೂ ಅರಿತರೆ ಈ ಒಂದು ದಾರಿ ಮುಚ್ಚಿತು.

'ಡಿಜಿಟಲ್ ಬಂಧನ'ವೆಂಬುದು ಇನ್ನೂ ಕ್ರೂರವಾದುದು. ಪೊಲೀಸ್ ಸಮವಸ್ತ್ರ ಧರಿಸಿದವನು ವೀಡಿಯೋದಲ್ಲಿ ಕಾಣಿಸಿಕೊಂಡು, ನಿಮ್ಮ ಆಧಾರ್ ಅಪರಾಧದಲ್ಲಿ ಸಿಕ್ಕಿದೆ, ಕೋಣೆ ಬಿಟ್ಟು ಕದಲಬೇಡಿ, ಯಾರೊಡನೆಯೂ ಮಾತನಾಡಬೇಡಿ ಎಂದು ದಿನಗಟ್ಟಲೆ ಹೆದರಿಸುತ್ತಾನೆ. ದಕ್ಷಿಣ ಮುಂಬಯಿಯ ವೃದ್ಧರು ಇದರಲ್ಲಿ ಕೋಟಿಗಟ್ಟಲೆ ಕಳೆದುಕೊಂಡಿದ್ದಾರೆ. ಇಂಥ ಬಂಧನವು ಕಾನೂನಿನಲ್ಲಿ ಇಲ್ಲವೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಹೇಳಿದರು. 2025ರ ಡಿಸೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಇದರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಹೆದರಿಸುವ ಆ ದನಿಗಳಲ್ಲಿ ಕೆಲವು ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಂದ ಬರುತ್ತವೆ. ಕೆಲಸದ ಆಸೆಗೆ ಹೋಗಿ ಅಲ್ಲಿ ಸೆರೆಸಿಕ್ಕ ಐನೂರಕ್ಕೂ ಮಿಕ್ಕ ಭಾರತೀಯರನ್ನು 2025ರ ಮಾರ್ಚಿನಲ್ಲಿ ಮ್ಯಾನ್ಮಾರ್ ಕಡೆಯಿಂದ ವಿಮಾನದಲ್ಲಿ ಕರೆತರಬೇಕಾಯಿತು. ವಿದೇಶದ 'ಡೇಟಾ ಎಂಟ್ರಿ' ನೌಕರಿಯ ಜಾಹೀರಾತು ನೋಡುತ್ತಿರುವ ನಮ್ಮ ತರುಣ ಗುಮಾಸ್ತರು ಈ ಸುದ್ದಿಯನ್ನು ಎರಡು ಬಾರಿ ಓದುವುದೊಳಿತು.

ಇನ್ನು ಕಾನೂನಿನ ಮಾತು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಖಾತೆದಾರನಿಗೆ ಒಂದು ಕವಚವನ್ನು ಒದಗಿಸಿತು. ಬ್ಯಾಂಕಿನ ತಪ್ಪಿನಿಂದ ಹಣ ಹೋದರೆ ಖಾತೆದಾರನಿಗೆ ಹೊಣೆಯೇ ಇಲ್ಲ. ಇಬ್ಬರದೂ ತಪ್ಪಿಲ್ಲದೆ ಬೇರೆಲ್ಲಿಯೋ ಸೋರಿದ್ದಾದರೆ, ಬ್ಯಾಂಕಿನ ಸೂಚನೆ ತಲಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ನಷ್ಟವಿಲ್ಲ. ನಾಲ್ಕರಿಂದ ಏಳನೆಯ ದಿನದೊಳಗಾದರೆ ಸಾಧಾರಣ ಉಳಿತಾಯ ಖಾತೆಗೆ ಹತ್ತು ಸಾವಿರದ ಮಿತಿ. ಖಾತೆದಾರನೇ ತಪ್ಪಿತಸ್ಥನೆಂದು ಸಿದ್ಧಪಡಿಸುವ ಭಾರವನ್ನೂ ಬ್ಯಾಂಕಿನ ಮೇಲೆಯೇ ಹೊರಿಸಲಾಯಿತು. ಆದರೆ ಕವಚದಲ್ಲಿ ಒಂದು ತೂತಿದೆ. ಖಾತೆದಾರನು ತಾನಾಗಿ ಪಿನ್ನನ್ನೋ ಓಟಿಪಿಯನ್ನೋ ಹೇಳಿದ್ದರೆ ಅದು 'ನಿರ್ಲಕ್ಷ್ಯ'. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಹೆದರಿಸಿ ಹೇಳಿಸಿಕೊಂಡದ್ದಕ್ಕೂ ಉದಾಸೀನದಿಂದ ಹೇಳಿದ್ದಕ್ಕೂ ಒಂದೇ ಶಬ್ದವನ್ನು ಉಪಯೋಗಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಆದುದರಿಂದಲೇ ನ್ಯಾಯಾಲಯಗಳ ಇತ್ತೀಚಿನ ಎರಡು ತೀರ್ಪುಗಳು ಗಮನಾರ್ಹ. ಮುಂಬಯಿಯ ಕಂಪೆನಿಯೊಂದರ ಖಾತೆಗೆ 2022ರ ಅಕ್ಟೋಬರಿನಲ್ಲಿ ಅದಕ್ಕೆ ತಿಳಿಯದಂತೆಯೇ ಅಪರಿಚಿತ ಹೆಸರುಗಳು ಸೇರಿ 76 ಲಕ್ಷ ರೂಪಾಯಿ ಹೊರಟುಹೋಗಿತ್ತು. ಕಂಪೆನಿಯು ತಡಮಾಡದೆ ದೂರಿತ್ತಿತು. ಓಂಬುಡ್ಸ್‌ಮನ್ ಅದನ್ನು ತಳ್ಳಿಹಾಕಿದ್ದರೂ, ಬೊಂಬಾಯಿ ಹೈಕೋರ್ಟು 2024ರ ಜೂನಿನಲ್ಲಿ ಆ ಹಣವನ್ನು ಮರಳಿಸಬೇಕೆಂದು ಬ್ಯಾಂಕ್ ಆಫ್ ಬರೋಡಾಕ್ಕೆ ಆಜ್ಞಾಪಿಸಿತು. ಅಸ್ಸಾಮಿನ ಗ್ರಾಹಕನೊಬ್ಬನು ಅಂಗಡಿಯ ಸೇವಾವಿಭಾಗದವನೆಂದು ಹೇಳಿಕೊಂಡವನ ಮಾತು ಕೇಳಿ ಆ್ಯಪ್ ಹಾಕಿಕೊಂಡು 94,204 ರೂಪಾಯಿ ಕಳೆದುಕೊಂಡಿದ್ದನು. ಇಪ್ಪತ್ತನಾಲ್ಕು ಗಂಟೆಯೊಳಗೆ ದೂರಿತ್ತ ಅವನ ಪರವಾಗಿ 2025ರ ಜನವರಿ 3ರಂದು ಸರ್ವೋಚ್ಚ ನ್ಯಾಯಾಲಯವು ಸ್ಟೇಟ್ ಬ್ಯಾಂಕಿನ ಮೇಲೆ ಹೊಣೆಯನ್ನು ಸ್ಥಿರಪಡಿಸಿತು. ಎರಡರಲ್ಲಿಯೂ ಗೆಲುವಿಗೆ ಕಾರಣವಾದುದು ದೂರಿನ ತ್ವರೆ.

1930 ಎಂಬ ಸಂಖ್ಯೆಯ ಮಹತ್ವವಿರುವುದು ಇಲ್ಲಿಯೇ. ಕದ್ದ ಹಣವು ಒಂದೇ ಖಾತೆಯಲ್ಲಿ ನಿಲ್ಲುವುದಿಲ್ಲ. ಒಂದರಿಂದ ನಾಲ್ಕಕ್ಕೆ, ನಾಲ್ಕರಿಂದ ಹತ್ತಕ್ಕೆ ಹರಿದು ಎಟಿಎಮ್ಮಿನಿಂದ ಹೊರಬೀಳುತ್ತದೆ. 1930ಕ್ಕೆ ತಿಳಿಸಿದೊಡನೆ ಆ ಸರಪಳಿಯ ಬ್ಯಾಂಕುಗಳಿಗೆಲ್ಲ ಸೂಚನೆ ಹೋಗಿ, ಎಲ್ಲಿ ಹಣ ಇನ್ನೂ ಉಳಿದಿದೆಯೋ ಅಲ್ಲಿ ತಡೆಯಲಾಗುತ್ತದೆ. ಮರುದಿನ ರಜೆ ಕೇಳಿಕೊಂಡು ಶಾಖೆಗೆ ಹೋಗೋಣವೆಂದರೆ ಹಣ ಕಾಯುವುದಿಲ್ಲ. ಶಾಖೆಗೂ ಲಿಖಿತ ದೂರಿತ್ತು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲನೂ ಬೇಕಿಲ್ಲ.

ಆ ಸರಪಳಿಯ ಖಾತೆಗಳು ಯಾರವು ಎಂಬ ಪ್ರಶ್ನೆಯನ್ನು ಎತ್ತದೆ ಬಿಡುವಂತಿಲ್ಲ. ಬಹುಮಟ್ಟಿಗೆ ಬಡವರವು. "ನಿನ್ನ ಖಾತೆ ಸುಮ್ಮನೆ ಬಿದ್ದಿದೆ; ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಕೊಡು, ಕೆಲವು ಸಾವಿರ ಕೊಡುತ್ತೇನೆ" ಎಂದು ಹುಡುಗರನ್ನು ಒಲಿಸುವವರಿದ್ದಾರೆ. ಹುಡುಗನು ಆ ಹಣವನ್ನು ಊರಿಗೆ ಕಳುಹಿಸಿ ಮರೆತುಬಿಡುತ್ತಾನೆ. ಪೊಲೀಸರು ಬಂದಾಗ ದಾಖಲೆಯಲ್ಲಿರುವುದು ಅವನ ಹೆಸರು, ಅವನ ಆಧಾರ್, ಅವನ ಭಾವಚಿತ್ರ. ವಂಚಕನ ಮುಖವನ್ನು ಅವನೂ ನೋಡಿರುವುದಿಲ್ಲ. ತಮ್ಮಂದಿರೇ, ಕಾರ್ಡನ್ನು ಬಾಡಿಗೆಗೆ ಕೊಡುವುದೆಂದರೆ ಹೆಸರನ್ನೇ ಬಾಡಿಗೆಗೆ ಕೊಟ್ಟಂತೆ.

ಬ್ಯಾಂಕುಗಳಿಗೆ ನಾವು ಕೇಳುವುದು ದೊಡ್ಡದೇನಲ್ಲ. ಹಣ ಕಡಿತವಾದ ಸಂದೇಶವು ಇಂದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ವಂಚಕನು ಹಿಂದಿಯಲ್ಲಿ ಸವಿಯಾಗಿ ಮಾತನಾಡುತ್ತಾನೆ. ಮೂರು ದಿನಗಳ ಗಡುವು ಆರಂಭವಾಗುವುದು ಆ ಸಂದೇಶ ತಲಪಿದಂದಿನಿಂದ. ಓದಲಾಗದ ಸಂದೇಶದಿಂದ ಗಡುವನ್ನು ಎಣಿಸುವುದು ಯಾವ ಲೆಕ್ಕ? ಉಡುಪಿ ಮಂಗಳೂರುಗಳಲ್ಲಿ ಹುಟ್ಟಿ ನಮ್ಮವರ ಎರಡಾಣೆಗಳಿಂದ ಬೆಳೆದ ಬ್ಯಾಂಕುಗಳಾದರೂ, ಅವುಗಳನ್ನು ಒಳಗೊಂಡ ದೊಡ್ಡ ಬ್ಯಾಂಕುಗಳಾದರೂ, ಬೇಕೆಂದವರಿಗೆ ಈ ಸಂದೇಶವನ್ನು ಕನ್ನಡದಲ್ಲಿ ಕಳುಹಿಸಲಿ. ಹೊಟೇಲು ಮಾಲಕರು ತಮ್ಮ ಪಾಲಿಗೆ ಗಲ್ಲಾದ ಪಕ್ಕದಲ್ಲಿಯೂ ಕೆಲಸಗಾರರು ಮಲಗುವ ಮಾಳಿಗೆಯಲ್ಲಿಯೂ 1930 ಎಂದು ದೊಡ್ಡದಾಗಿ ಬರೆಸಿಡಲಿ. ಹಣ ಕಳೆದುಕೊಂಡ ಹುಡುಗನಿಗೆ ಆ ದಿನ ಅರ್ಧ ಹೊತ್ತಿನ ರಜೆಯನ್ನೂ, ದೂರು ಬರೆದುಕೊಡಲು ಒಬ್ಬ ಗುಮಾಸ್ತನನ್ನೂ ಒದಗಿಸಲಿ.