ದೋಣಿಮನೆಯ ಕೊತ್ತಿ



ನಿಮ್ಮಲ್ಲಿ ಎಷ್ಟು ಜನಕ್ಕೆ ‘ಕೊತ್ತಿ’ ಎಂದರೇನು ಗೊತ್ತು? ಸಂಘದ ಕನ್ನಡ ತರಗತಿಯಲ್ಲಿ ‘ಬೆಕ್ಕು’ ಎಂದು ಕಲಿಸಿರುತ್ತಾರೆ. ಆದರೆ ನಮ್ಮ ಹಳೇ ಮೈಸೂರಿನ ಕಡೆ ಹಾಲಿನ ಪಾತ್ರೆ ಉರುಳಿದಾಗ ಬಾಯಿಗೆ ಬರುವ ಮಾತು ‘ಹಾಳು ಕೊತ್ತಿ!’ ಎಂದೇ. ಈ ಸಲ ಅಂಥ ಒಂದು ಕೊತ್ತಿಯ ಕಥೆ ಹೇಳುತ್ತೇನೆ.

2024ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳ ಮನೆಗೆ ಹೋಗಿದ್ದೆ. ನಿಮ್ಮ ಹಾಗೆಯೇ ಮುಂಬಯಿಯಲ್ಲಿ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. (ನಗಬೇಡಿ, ನಿಮ್ಮ ತಾಯಂದಿರು ನನಗೆ ಎಲ್ಲ ಹೇಳಿದ್ದಾರೆ.) ಮನೆ ಎಂದೆನಲ್ಲ, ಅದು ದೋಣಿ. ನ್ಯಾರೋಬೋಟ್ ಎನ್ನುತ್ತಾರೆ. ಉದ್ದ 57 ಅಡಿ. ಅಗಲ ಮಾತ್ರ ಏಳಡಿಗೂ ಎರಡಂಗುಲ ಕಡಿಮೆ. ನಮ್ಮ ಲೋಕಲ್ ಡಬ್ಬಿಯೇ ಇದಕ್ಕಿಂತ ಅಗಲ! ಅದರೊಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು, ಕಟ್ಟಿಗೆ ಒಲೆ, ಎಲ್ಲವೂ ಒಂದರ ಹಿಂದೊಂದು, ರೈಲಿನ ಹಾಗೆ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ದಾಟಲು ಅಪ್ಪಣೆ ಕೇಳಬೇಕು.

ಇಷ್ಟು ಕಿರಿದೇಕೆ ಎಂದು ಕೇಳಿದೆ. 18ನೆಯ ಶತಮಾನದಲ್ಲಿ ಕಲ್ಲಿದ್ದಲು ಸಾಗಿಸಲು ಮಧ್ಯ ಇಂಗ್ಲೆಂಡಿನಲ್ಲಿ ಕಾಲುವೆಗಳನ್ನು ತೋಡಿದಾಗ, ದೋಣಿಯನ್ನು ಎತ್ತಿ ಇಳಿಸುವ ನೀರಿನ ಕಟ್ಟೆಗಳನ್ನು, ಅಂದರೆ ಲಾಕ್‌ಗಳನ್ನು, ಖರ್ಚೂ ನೀರೂ ಉಳಿಯಲೆಂದು ಸುಮಾರು ಏಳಡಿ ಅಗಲಕ್ಕೆ ಕಟ್ಟಿದರಂತೆ. ದೋಣಿಗಳು ಆ ಅಳತೆಗೆ ಬಗ್ಗಿದವು. ರೈಲು ಬಂದು ಸಂಪಾದನೆ ಕುಸಿದ ಮೇಲೆ ದೋಣಿಯವರು ಹೆಂಡತಿ ಮಕ್ಕಳನ್ನೂ ಹಿಂಬದಿಯ ಗೂಡಿನಂಥ ಕೋಣೆಗೆ ತಂದು ಸಂಸಾರ ಹೂಡಿದರು. ಬಿ.ಎ. ತರಗತಿಯಲ್ಲಿ ಜೆರೋಮ್ ಕೆ. ಜೆರೋಮ್‌ನ ‘ಥ್ರೀ ಮೆನ್ ಇನ್ ಎ ಬೋಟ್’ ಓದಿ ನಕ್ಕಿದ್ದ ನನಗೆ ದೋಣಿಯೆಂದರೆ ರಜೆಯ ಮೋಜು ಮಾತ್ರ ಎಂದಿತ್ತು.

ಈಗ ಕೆಲಸವಿಲ್ಲದ ಆ ಕಾಲುವೆಗಳಲ್ಲಿ ಮನೆ ಬಾಡಿಗೆ ಕಟ್ಟಲಾರದವರೂ, ಸುಮ್ಮನೆ ನೀರಿನ ಹುಚ್ಚಿನವರೂ ವಾಸ ಮಾಡುತ್ತಾರೆ. ಇವಳದು ಎರಡೂ. ಕಾಯಂ ಜಾಗ ಕೊಂಡಿರದ ದೋಣಿ ಸಾಮಾನ್ಯವಾಗಿ ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂದು 1995ರ ಕಾಯಿದೆ ಇದೆ. ತಕ್ಕ ಕಾರಣ ಹೇಳಿದರೆ ಕೆಲವು ದಿನ ಹೆಚ್ಚು ಸಿಗುತ್ತದೆ, ಅಷ್ಟೆ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುವುದು ಕೇಳಿದ್ದೀರಿ. ಇಲ್ಲಿ ಮನೆಯೇ ಬೆಕ್ಕನ್ನು ಸುತ್ತಿಸುತ್ತಿತ್ತು.

ಆ ಬೆಕ್ಕಿನ ಹೆಸರೇ ಕೊತ್ತಿ. ಬೂದು ಬಣ್ಣ, ಎಡಗಿವಿ ಕೊಂಚ ಹರಿದಿದೆ. ಅಕ್ಕಪಕ್ಕದ ದೋಣಿಯವರ ಬಾಯಲ್ಲಿ ‘ಕಾಟೀ’.

ನಾನು ಹೋದಾಗ ದೋಣಿ ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ ಏವನ್‌ಕ್ಲಿಫ್ ಎಂಬಲ್ಲಿತ್ತು. ಅಲ್ಲಿ ಕಾಲುವೆಯೇ ಕಲ್ಲಿನ ಸೇತುವೆಯೇರಿ ಏವನ್ ನದಿಯನ್ನೂ ರೈಲು ಹಳಿಯನ್ನೂ ದಾಟುತ್ತದೆ. ಇನ್ನೂರು ವರ್ಷದ ಹಿಂದೆ ಜಾನ್ ರೆನ್ನಿ ಯೋಜಿಸಿದ್ದು, ನಡು ಸ್ವಲ್ಪ ಕುಸಿದಿದೆ. ಗಡುವು ಮುಗಿಯಿತೆಂದು ಒಂದು ಶನಿವಾರ ಸೇತುವೆ ದಾಟಿ, ಸುಮಾರು ಒಂದೂವರೆ ಮೈಲಿ ದೂರದ ಬ್ರಾಡ್‌ಫರ್ಡ್ ಆನ್ ಏವನ್‌ಗೆ ಬಂದು ಹಗ್ಗ ಕಟ್ಟಿದೆವು. ಭಾನುವಾರ ರಾತ್ರಿ ಊಟಕ್ಕೆ ಕೊತ್ತಿ ಬರಲಿಲ್ಲ.

ಮೊದಲು ನೋಡಿದ್ದು ನೀರನ್ನು. ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಟಾರ್ಚ್ ಹಿಡಿದು ದೋಣಿಯ ಎರಡೂ ಬದಿ ನೋಡಿದೆವು. ಬೆಕ್ಕಿಗೆ ಈಜು ಬರುತ್ತದೆ, ಆದರೆ ದೋಣಿಯ ನುಣುಪಾದ ಉಕ್ಕಿನ ಮೈಯನ್ನೂ ಕಾಲುವೆಯ ನೇರ ದಡವನ್ನೂ ಹತ್ತಲು ಉಗುರಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಅವಳು ಹಿಂಬದಿಯಲ್ಲಿ ಹಳೆಯ ಜಮಖಾನದ ತುಂಡೊಂದನ್ನು ನೀರಿಗೆ ಮುಟ್ಟುವಂತೆ ಇಳಿಬಿಟ್ಟಿದ್ದಳು. ಅದರ ಮೇಲ್ಭಾಗ ಒಣಗಿಯೇ ಇತ್ತು. ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ತಿಳಿಯಲಿಲ್ಲ.

ಬೆಳಿಗ್ಗೆ ಇನ್ನೊಂದು ಅನುಮಾನ ಹುಟ್ಟಿತು. ನಮ್ಮ ಹಿಂದೆ ನಿಂತಿದ್ದ ದೋಣಿ ಆಗಲೇ ಬಾತ್ ಕಡೆಗೆ ಹೊರಟುಹೋಗಿತ್ತು. ಕೊತ್ತಿ ಅದರೊಳಗೆ ನುಗ್ಗಿ ಮಲಗಿದ್ದರೆ? ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ನಿಂತ ದೋಣಿಗಳನ್ನು ದಾಟುವಾಗ ಇನ್ನೂ ನಿಧಾನ. ಇವಳು ದಡದ ಹಾದಿಯಲ್ಲಿ ಸೈಕಲ್ ತುಳಿದು ಅರ್ಧ ಗಂಟೆಯಲ್ಲಿ ಅದನ್ನು ಹಿಡಿದಳು! ಪಾಪ, ಆ ದಂಪತಿಗಳು ಕಪಾಟುಗಳನ್ನೆಲ್ಲ ತೆರೆದು ತೋರಿಸಿದರಂತೆ. ಇರಲಿಲ್ಲ.

ಬೆಕ್ಕಿನ ಚರ್ಮದಡಿಯಲ್ಲಿ ಚಿಪ್ ಇರಬೇಕೆಂದು ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಕಾನೂನಿದೆ. ಕೊತ್ತಿಗೂ ಇತ್ತು. ‘ಹಾಗಾದರೆ ಫೋನಿನಲ್ಲಿ ಎಲ್ಲಿದೆಯೆಂದು ನೋಡೇ’ ಎಂದೆ, ಜಾಣೆಯ ಹಾಗೆ. ಆ ಚಿಪ್‌ನಲ್ಲಿರುವುದು ಬರೀ ಒಂದು ಸಂಖ್ಯೆ. ಯಾರಾದರೂ ಹಿಡಿದು ಯಂತ್ರದಲ್ಲಿ ಓದಿಸಿದರೆ ಮಾತ್ರ ಒಡೆಯರ ವಿವರ ಸಿಗುವುದು. ಹಾಗಾಗಿ ಹಾದಿಯುದ್ದಕ್ಕೂ ಚೀಟಿ ಅಂಟಿಸಿದೆವು, ಸಿಕ್ಕ ದೋಣಿಯ ಬಾಗಿಲನ್ನೆಲ್ಲ ತಟ್ಟಿದೆವು. ಹೆದರಿದ ಬೆಕ್ಕು ಹತ್ತಿರದಲ್ಲೇ ಅಡಗಿದ್ದರೂ ಕರೆದರೆ ಓಗೊಡುವುದಿಲ್ಲವೆಂದು ಒಬ್ಬ ಮುದುಕಿ ಹೇಳಿದಳು. ರಾತ್ರಿ ಸದ್ದಡಗಿದ ಮೇಲೆ ಪೊದೆಗಳಿಗೆ ಟಾರ್ಚ್ ಬಿಡಿ, ಕಣ್ಣು ಹೊಳೆಯುತ್ತದೆ ಎಂದಳು. ಹೊಳೆಯಿತು ಸಹ. ಅದು ನರಿ.

ಮೂರನೆಯ ದಿನ ನನಗೆ ನಮ್ಮಮ್ಮನ ನೆನಪಾಯಿತು. ನಾನು ಸಣ್ಣವಳಿದ್ದಾಗ ಮೈಸೂರಿನಲ್ಲಿ ಮನೆ ಬದಲಾಯಿಸಿದೆವು. ಅಮ್ಮ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಜಟಕಾದಲ್ಲಿ ತಂದರು. ಎರಡೇ ದಿನಕ್ಕೆ ಅದು ಹಳೆಯ ಮನೆಯ ಜಗಲಿಯ ಮೇಲಿತ್ತು! ‘ನಾಯಿಗೆ ನಾವು ಮನೆ, ಬೆಕ್ಕಿಗೆ ಮನೆಯೇ ಮನೆ’ ಎಂದು ಅಮ್ಮ ಗೊಣಗುತ್ತಿದ್ದರು. ಇದನ್ನು ಹೇಳಿದಾಗ ಇವಳು ತಲೆಯಾಡಿಸಿದಳು. ಅಷ್ಟು ದೂರ, ಅದೂ ಆ ಸೇತುವೆ ದಾಟಿಕೊಂಡು? ಅಸಾಧ್ಯ ಎಂದಳು.

ನಾಲ್ಕನೆಯ ಸಂಜೆ ಫೋನು ಬಂತು. ಏವನ್‌ಕ್ಲಿಫ್‌ನಲ್ಲಿ ನಾವು ಬಿಟ್ಟ ಜಾಗದಲ್ಲೇ ಈಗ ದೋಣಿ ನಿಲ್ಲಿಸಿದ್ದವರೊಬ್ಬರು ಮಾಡಿದ್ದು. ಎರಡು ರಾತ್ರಿಯಿಂದ ಬೂದು ಬೆಕ್ಕೊಂದು ಬಂದು ತಮ್ಮ ಹಿಂಬಾಗಿಲನ್ನೇ ನೋಡುತ್ತ ಕೂರುತ್ತದೆ, ಹತ್ತಿರ ಹೋದರೆ ಓಡುತ್ತದೆ ಎಂದರು. ನಾನು ಏನೂ ಮಾತಾಡಲಿಲ್ಲ. ಕೋಟು ಹಾಕಿಕೊಂಡೆ.

ಕತ್ತಲಲ್ಲಿ ಸೇತುವೆ ದಾಟಿ ಹೋಗಿ ಬೇಲಿಯ ಎದುರು ಕುಳಿತೆವು. ಮಂಜು, ಒದ್ದೆ ಹುಲ್ಲು, ನನ್ನ ಮಂಡಿನೋವು ಬೇರೆ. ಆ ದೋಣಿಯವರು ಇಂಗ್ಲಿಷಿನಲ್ಲಿ ಮೆಲ್ಲಗೆ ಕರೆದರು. ಏನೂ ಇಲ್ಲ. ಆಮೇಲೆ ಇವಳು ಕರೆದಳು: ‘ಬಾರೇ ಕೊತ್ತಿ, ಬಾ, ಮೊಸರನ್ನ ಇದೆ ಬಾ.’ ಮಕ್ಕಳೇ, ಇವಳ ಬಾಯಲ್ಲಿ ಒಂದೇ ಉಸಿರಿಗೆ ಇಷ್ಟು ಕನ್ನಡ ನಾನು ಕೇಳಿದ್ದು ಅದೇ ಮೊದಲು. ಒಬ್ಬಳೇ ಇರುವಾಗ ಬೆಕ್ಕಿನೊಂದಿಗೆ ದಿನವೂ ಕನ್ನಡದಲ್ಲೇ ಮಾತಾಡುತ್ತಾಳಂತೆ. ತಪ್ಪಾದರೆ ಅದು ನಗುವುದಿಲ್ಲವಲ್ಲ ದೊಡ್ಡಮ್ಮ, ಎಂದಳು ಆಮೇಲೆ. ಅವಳ ಕನ್ನಡ ಕೇಳಿ ಎಷ್ಟೋ ಸಲ ನಕ್ಕವಳು ನಾನೇ.

ಕಾಲು ಗಂಟೆಯ ಮೇಲೆ ಮುಳ್ಳುಪೊದೆ ಅಲುಗಿತು. ಬಂತು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು. ಇವಳು ಅದನ್ನು ಎದೆಗವಚಿಕೊಂಡು ಅಳುತ್ತ, ‘ಎಲ್ಲಿ ಹಾಳಾಗಿ ಹೋಗಿದ್ಯೇ!’ ಎಂದು ಬೈದಳು. ಥೇಟ್ ನಮ್ಮಮ್ಮ.

ಹೋದ ವಾರ ಫೋನ್ ಮಾಡಿದ್ದೆ. ದೋಣಿ ಮತ್ತೆ ಹೊರಟಿದೆಯಂತೆ. ಯಾವ ಊರೇ ಈಗ, ಎಂದು ಕೇಳಿದೆ.

‘ಹೆಸರು ನೋಡಿಲ್ಲ ದೊಡ್ಡಮ್ಮ. ಕೊತ್ತಿ ಒಳಗಿದೆ.’